ಲಕ್ಕಮ್ಮನವರ ಪ್ರಶ್ನೆಯೂ ಐಸ್‌ಲೆಂಡಿನ ಸಾಲವೂ

ಶೂನ್ಯಸಂಪಾದನೆಯನ್ನು ಓದಿದ ಸದ್ಭಕ್ತರಿಗೆ ಆಯ್ದಕ್ಕಿ ಮಾರಯ್ಯನವರ ಪ್ರಸಂಗವು ಹೊಸದಲ್ಲ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ಶರಣ ದಂಪತಿಗಳ ಕಾಯಕವು, ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ಅದರಿಂದಲೇ ಜಂಗಮದಾಸೋಹವನ್ನು ನಡೆಸುವುದಾಗಿತ್ತು. ಒಂದು ದಿನ ಮಾರಯ್ಯನವರು ಪ್ರಭುದೇವರ ಸನ್ನಿಧಿಯಲ್ಲಿ ಅನುಭಾವದ ಮಾತಿನಲ್ಲಿ ಮೈಮರೆತು ಕುಳಿತಿರಲು, ಕಾಯಕದ ಹೊತ್ತು ಮೀರುತ್ತಿದೆಯೆಂದು ಅವರನ್ನು ಎಚ್ಚರಿಸಿದವರು ಪತ್ನಿ ಲಕ್ಕಮ್ಮನವರು. ಅವಸರದಿಂದ ಹೋದ ಮಾರಯ್ಯನವರು ಎಂದಿನ ಅಳತೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಈ ಹೆಚ್ಚಳವು ಎಲ್ಲಿಂದ ಬಂದಿತು, ಇದು ಯಾರ ಮನದ ಆಸೆ ಎಂದು ಕೇಳಿದವರೂ ಅವರೇ. ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರುವವರೆಗೆ ಆ ತಾಯಿಗೆ ಸಮಾಧಾನವಾಗಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ನಿರಾಸೆಯ ಗುಣವನ್ನು ಕೊಂಡಾಡಿ ಮುಂದೆ ಸಾಗುತ್ತಾರೆ. ಅದು ಸರಿಯೇ. ಆದರೆ ಕಥೆಯಲ್ಲಿ ಇನ್ನೊಂದು ಅಂಶವಿದೆ. ಲಕ್ಕಮ್ಮನವರು ಅಧಿಕಾರಿಯಲ್ಲ, ಸುಂಕದವರಲ್ಲ, ಗುರುಪೀಠದಲ್ಲಿ ಕುಳಿತವರಲ್ಲ. ಅವರಿಗೆ ಪ್ರಶ್ನೆ ಕೇಳುವ ಹಕ್ಕು ಬಂದುದು ಆ ಮನೆಯ ಕಾಯಕದಲ್ಲಿ ಅವರೂ ಪಾಲುದಾರರಾಗಿದ್ದರೆಂಬ ಒಂದೇ ಕಾರಣದಿಂದ. ಯಾವ ಅನ್ನವನ್ನು ತಾನೂ ಬೇಯಿಸಬೇಕೋ, ತಾನೂ ಬಡಿಸಬೇಕೋ, ಆ ಅನ್ನದ ಅಕ್ಕಿ ಎಲ್ಲಿಂದ ಬಂದಿತೆಂದು ಕೇಳುವುದು ಆ ಮನೆಯವಳ ಧರ್ಮವಷ್ಟೆ. ಅಂತೆಯೇ ಬಿಜ್ಜಳನ ಭಂಡಾರದ ಹೊನ್ನನ್ನು ಬಸವಣ್ಣನವರು ಜಂಗಮರಿಗೆ ಸೂರೆಗೊಡುತ್ತಿದ್ದಾರೆಂದು ಕೊಂಡೆಯರು ದೂರಿದಾಗ, ಭಂಡಾರವನ್ನು ತೆರೆದು ಎಣಿಸಲಾಯಿತೆಂದೂ, ಒಂದು ಹೊನ್ನೂ ಕಡಿಮೆಯಾಗಿರಲಿಲ್ಲವೆಂದೂ ಪುರಾಣಗಳು ವರ್ಣಿಸುತ್ತವೆ. ಅಲ್ಲಿಯ ಪವಾಡವನ್ನು ಭಕ್ತಿಯಿಂದ ಸ್ಮರಿಸುವಾಗ, ಲೆಕ್ಕ ಕೇಳಿದುದಕ್ಕೆ ಬಸವಣ್ಣನವರು ಮುನಿಯಲಿಲ್ಲ, ಭಂಡಾರದ ಬಾಗಿಲನ್ನು ಮುಚ್ಚಲಿಲ್ಲ ಎಂಬುದನ್ನೂ ಸ್ಮರಿಸತಕ್ಕದ್ದು.

ಅನುಭವಮಂಟಪವೇ ಜಗತ್ತಿನ ಮೊದಲ ಲೋಕಸಭೆಯೆಂದು ವೇದಿಕೆಗಳಲ್ಲಿ ಹೇಳುವ ವಾಡಿಕೆಯುಂಟು. ಅಭಿಮಾನದ ಮಾತೆಂದು ಅದನ್ನು ಸ್ವೀಕರಿಸಬಹುದು. ಆದರೆ ಶರಣರು ಬಾಳಿದುದು ಅರಸನ ಆಳ್ವಿಕೆಯಲ್ಲಿ, ಅವರ ಕೈಯಲ್ಲಿ ಮತಪತ್ರವಿರಲಿಲ್ಲ. ಅವರು ನಮಗೆ ಬಿಟ್ಟುಹೋದುದು ಶಾಸನಸಭೆಯ ನಕ್ಷೆಯನ್ನಲ್ಲ, ಕೇಳುವ ಮತ್ತು ಉತ್ತರಿಸುವ ಸ್ವಭಾವವನ್ನು. ಮಡಿವಾಳನೂ ಅಂಬಿಗನೂ ನುಲಿ ಹೊಸೆಯುವವನೂ ಮಂತ್ರಿಯ ಎದುರಿಗೆ ಸಮನಾಗಿ ಕುಳಿತು ಪ್ರಶ್ನಿಸಬಹುದೆಂಬ ಆ ಸ್ವಭಾವವು ಒಂದು ದೇಶದ ಆಡಳಿತದಲ್ಲಿ, ಅದರಲ್ಲಿಯೂ ಆ ದೇಶದ ಬೊಕ್ಕಸ ಬರಿದಾದ ಕಾಲದಲ್ಲಿ, ಏನನ್ನು ಸಾಧಿಸಬಲ್ಲುದು, ಏನನ್ನು ಸಾಧಿಸಲಾರದು ಎಂಬುದು ವಿಚಾರಾರ್ಹವಾದ ವಿಷಯ. ಈ ವಿಚಾರಕ್ಕೆ ದೃಷ್ಟಾಂತವಾಗಿ ದೊಡ್ಡ ದೇಶಗಳಿಗಿಂತ ಒಂದು ಸಣ್ಣ ದೇಶವೇ ಮೇಲು. ಅಲ್ಲಿ ಕಾರ್ಯಕಾರಣಗಳು ಬರಿಗಣ್ಣಿಗೆ ಕಾಣುತ್ತವೆ. ಅಂತಹ ದೇಶ ಐಸ್‌ಲೆಂಡ್.

ಯೂರೋಪಿನ ವಾಯವ್ಯಕ್ಕೆ, ಅಟ್ಲಾಂಟಿಕ್ ಸಾಗರದ ಉತ್ತರದಲ್ಲಿರುವ ಈ ದ್ವೀಪವು ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ತುಸು ಹೆಚ್ಚು. ಆದರೆ 2008ರಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು 3 ಲಕ್ಷ 15 ಸಾವಿರ ಮಾತ್ರ. ನಮ್ಮ ಒಂದು ದೊಡ್ಡ ತಾಲ್ಲೂಕಿನಷ್ಟು. ಹಿಮ, ಬೆಂಕಿಯುಗುಳುವ ಬೆಟ್ಟಗಳು, ಬಿಸಿನೀರಿನ ಬುಗ್ಗೆಗಳು, ಮೀನುಗಾರಿಕೆ, ಇವೇ ಅದರ ಪರಿಚಯ. ಆಲ್ತಿಂಗ್ ಎಂಬ ಅಲ್ಲಿಯ ಜನಸಭೆಯು ಕ್ರಿ.ಶ. 930ರಷ್ಟು ಹಿಂದೆ ಬಯಲಿನಲ್ಲಿ, ಬಂಡೆಗಳ ನಡುವೆ ಸೇರಿದುದೆಂದು ಇತಿಹಾಸವು ಹೇಳುತ್ತದೆ. ನಡುವೆ ಪರದೇಶಗಳ ಆಳ್ವಿಕೆ ಬಂದು ಹೋಯಿತು. 1944ರಲ್ಲಿ ಐಸ್‌ಲೆಂಡ್ ಗಣರಾಜ್ಯವಾಯಿತು.

ತಲೆತಲಾಂತರದಿಂದ ಮೀನು ಹಿಡಿದು ಬದುಕಿದ ಈ ಜನಕ್ಕೆ, 20ನೆಯ ಶತಮಾನದ ಕೊನೆಯಲ್ಲಿ ಬೇರೊಂದು ಬಗೆಯ ಬಲೆ ಬೀಸುವ ಹುರುಪು ಬಂದಿತು. ಸರಕಾರದ ಒಡೆತನದಲ್ಲಿದ್ದ ಬ್ಯಾಂಕುಗಳು ಖಾಸಗಿಯವರ ಪಾಲಾದವು. ಗ್ಲಿಟ್ನಿರ್, ಲ್ಯಾಂಡ್ಸ್‌ಬಂಕಿ, ಕೌಪ್ಥಿಂಗ್ ಎಂಬ ಮೂರು ಬ್ಯಾಂಕುಗಳು ಹೊರದೇಶಗಳಲ್ಲಿ ಸಾಲವೆತ್ತಿ, ಆ ಹಣದಿಂದ ಹೊರದೇಶಗಳಲ್ಲಿಯೇ ಅಂಗಡಿ, ಕಂಪನಿ, ಹೋಟೆಲುಗಳನ್ನು ಕೊಳ್ಳುವವರಿಗೆ ಸಾಲ ಕೊಟ್ಟವು. ಕೊಂಡವರಲ್ಲಿ ಬ್ಯಾಂಕುಗಳ ಒಡೆಯರೂ ಇದ್ದರು. ಕೆಲವೇ ವರ್ಷಗಳಲ್ಲಿ ಈ ಮೂರರ ವ್ಯವಹಾರವು ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಸುಮಾರು ಹತ್ತು ಪಟ್ಟಾಯಿತು. ಮನೆಯ ಯಜಮಾನನೊಬ್ಬನು ಹತ್ತು ವರ್ಷಗಳ ಆದಾಯದಷ್ಟು ಮೊತ್ತಕ್ಕೆ ಹೊಣೆಗಾರನಾಗಿ ನಿಂತು, ಸಾಲಗಾರರು ಒಟ್ಟಿಗೆ ಬಾಗಿಲಿಗೆ ಬರಲಾರರೆಂದು ನಂಬಿ ಮಲಗಿದಂತೆ! ಆಗ ಕೇಳುವವರು ಇರಲಿಲ್ಲವೇ? ಕೆಲವರಿದ್ದರು, ಅವರ ಮಾತು ಶುಭಕಾರ್ಯದ ಮನೆಯಲ್ಲಿ ಅಪಶಕುನ ನುಡಿದವರ ಮಾತಿನಂತೆ ತಳ್ಳಲ್ಪಟ್ಟಿತು. ಜನರು ಕೂಡ ಸುಖದಲ್ಲಿದ್ದರು. ಯೆನ್, ಸ್ವಿಸ್ ಫ್ರಾಂಕ್ ಮುಂತಾದ ಪರದೇಶದ ನಾಣ್ಯಗಳ ಲೆಕ್ಕದಲ್ಲಿ ಅಗ್ಗದ ಬಡ್ಡಿಗೆ ಸಾಲ ಸಿಗುತ್ತಿತ್ತು. ಮನೆಗೂ ಮೋಟಾರಿಗೂ ಅದನ್ನು ತೆಗೆದುಕೊಂಡವರು ಸಾಮಾನ್ಯ ಗೃಹಸ್ಥರೇ. ಎಂದಿಗಿಂತ ಹೆಚ್ಚು ಅಕ್ಕಿ ಮನೆಗೆ ಬರುತ್ತಿತ್ತು, ಯಾರ ಮನೆಯಲ್ಲಿಯೂ ಲಕ್ಕಮ್ಮನವರ ಪ್ರಶ್ನೆ ಏಳಲಿಲ್ಲ.

2008ರ ಸೆಪ್ಟೆಂಬರಿನಲ್ಲಿ ಅಮೆರಿಕೆಯ ಲೇಮನ್ ಬ್ರದರ್ಸ್ ಸಂಸ್ಥೆ ಮುರಿದುಬಿದ್ದು ಲೋಕದಲ್ಲೆಲ್ಲ ಸಾಲದ ಹರಿವು ನಿಂತಿತು. ಅಕ್ಟೋಬರಿನ ಮೊದಲ ದಿನಗಳಲ್ಲಿ ಐಸ್‌ಲೆಂಡಿನ ಮೂರು ಬ್ಯಾಂಕುಗಳೂ ಒಂದರ ಹಿಂದೊಂದು ಕುಸಿದವು. ಅಕ್ಟೋಬರ್ 6ರಂದು ಪ್ರಧಾನಿ ಗೇರ್ ಹಾರ್ಡೆಯವರು ದೂರದರ್ಶನದಲ್ಲಿ ರಾಷ್ಟ್ರವನ್ನು ಉದ್ದೇಶಿಸಿ ಮಾತಾಡಿ, ದೇವರು ಐಸ್‌ಲೆಂಡನ್ನು ಹರಸಲೆಂದು ಮುಗಿಸಿದರು. ಕೇಳಿದ ಜನರಿಗೆ ಆ ಪ್ರಾರ್ಥನೆಯಿಂದ ಧೈರ್ಯ ಬರಲಿಲ್ಲ, ಭಯವೇ ಬಂದಿತು. ಲೆಕ್ಕವನ್ನು ಹೇಳಬೇಕಾದ ಹೊತ್ತಿನಲ್ಲಿ ದೇವರ ಹೆಸರನ್ನು ಹೇಳುವುದು ಎಲ್ಲ ದೇಶದ ಆಡಳಿತಗಾರರಿಗೂ ಸುಲಭವಾದ ದಾರಿಯೆಂದು ತೋರುತ್ತದೆ.

ಮುಂದಿನ ತಿಂಗಳುಗಳ ಕಷ್ಟವು ಗೃಹಸ್ಥರ ಮನೆಗಳಲ್ಲಿ ಕಾಣಿಸಿತು. ಕ್ರೋನಾ ಎಂಬ ಅಲ್ಲಿಯ ನಾಣ್ಯವು ಪರದೇಶದ ನಾಣ್ಯಗಳೆದುರು ಅರ್ಧದಷ್ಟು ಬೆಲೆ ಕಳೆದುಕೊಂಡಿತು. ಪರದೇಶದ ನಾಣ್ಯದಲ್ಲಿ ಸಾಲ ಮಾಡಿದವರ ಕಂತು ಇಮ್ಮಡಿಯಾಯಿತು. 2009ರ ಜನವರಿಯಲ್ಲಿ ಬೆಲೆಗಳ ಏರಿಕೆ ವರ್ಷಕ್ಕೆ ನೂರಕ್ಕೆ 18ನ್ನು ಮೀರಿತು. ನಿರುದ್ಯೋಗವನ್ನು ಹೆಚ್ಚಾಗಿ ಕಾಣದಿದ್ದ ದೇಶದಲ್ಲಿ ದುಡಿಯುವವರ ಪೈಕಿ ನೂರಕ್ಕೆ ಎಂಟಕ್ಕೂ ಮಿಗಿಲಾದ ಜನ ಕೆಲಸವಿಲ್ಲದೆ ಕುಳಿತರು. 2008ರ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 210 ಕೋಟಿ ಡಾಲರುಗಳ ಸಾಲಕ್ಕೆ ಕೈಯೊಡ್ಡಬೇಕಾಯಿತು. ಹಣವು ದೇಶದಿಂದ ಹೊರಕ್ಕೆ ಓಡದಂತೆ ಕಟ್ಟುಪಾಡುಗಳನ್ನು ವಿಧಿಸಬೇಕಾಯಿತು.

ಇಲ್ಲಿಂದ ಪ್ರಜೆಗಳ ಪಾತ್ರ ಆರಂಭವಾಗುತ್ತದೆ. ರಾಜಧಾನಿ ರೇಕ್ಯಾವಿಕ್ ನಗರದಲ್ಲಿ ಆಲ್ತಿಂಗ್ ಭವನದ ಮುಂದೆ ಒಂದು ಚಿಕ್ಕ ಮೈದಾನವಿದೆ. 2008ರ ಅಕ್ಟೋಬರಿನಲ್ಲಿ ಹೋರ್ದುರ್ ಟೋರ್ಫಾಸನ್ ಎಂಬ ಹಾಡುಗಾರರು ಅಲ್ಲಿ ನಿಂತು, ಬಂದುಹೋಗುವವರನ್ನು ಕುರಿತು, ಈ ದೇಶದಲ್ಲಿ ಏನು ನಡೆಯುತ್ತಿದೆಯೆಂದು ನಿಮಗೆ ತಿಳಿದಿದೆಯೇ ಎಂದು ಕೇಳತೊಡಗಿದರು. ಅದು ಪ್ರತಿ ಶನಿವಾರದ ಸಭೆಯಾಗಿ ಬೆಳೆಯಿತು. ಉತ್ತರ ಧ್ರುವದ ಸಮೀಪದ ಆ ಚಳಿಗಾಲದಲ್ಲಿ ಮಧ್ಯಾಹ್ನವೇ ಕತ್ತಲಾಗುವುದು. ಆದರೂ ವೃದ್ಧರು, ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಶಾಲೆಯ ಉಪಾಧ್ಯಾಯರು ವಾರ ವಾರವೂ ಬಂದು ನಿಂತರು. 2009ರ ಜನವರಿ 20ರಂದು ಆಲ್ತಿಂಗ್ ಮತ್ತೆ ಸೇರಿದಾಗ ಅವರು ಮನೆಯ ಪಾತ್ರೆ, ಬಾಣಲೆ, ಸೌಟುಗಳನ್ನು ತಂದು ಬಡಿದರು. ಒಳಗಿನ ಭಾಷಣಗಳು ಹೊರಗಿನ ಸದ್ದಿನಲ್ಲಿ ಮುಳುಗಿದವು. ಅಡುಗೆಮನೆಯ ಪಾತ್ರೆ ಬರಿದಾಗಿರುವಾಗ ಅದರ ಸದ್ದು ಹೆಚ್ಚೆಂಬುದು ನಮ್ಮ ತಾಯಂದಿರಿಗೆ ತಿಳಿಯದ ಮಾತಲ್ಲ. ಕೆಲವು ರಾತ್ರಿ ಪೋಲೀಸರೊಡನೆ ಘರ್ಷಣೆಯೂ ನಡೆಯಿತು. ಆಗ ಪ್ರತಿಭಟನೆಯವರಲ್ಲಿಯೇ ಕೆಲವರು ಪೋಲೀಸರಿಗೂ ಕಲ್ಲೆಸೆಯುವವರಿಗೂ ನಡುವೆ ಗೋಡೆಯಂತೆ ನಿಂತರು. ಜನವರಿ 26ರಂದು ಸರಕಾರ ಬಿದ್ದಿತು. ಯೋಹಾನ್ನಾ ಸಿಗುರ್ದಾರ್ದೋತ್ತಿರ್ ಎಂಬ ಮಹಿಳೆ ಆ ದೇಶದ ಮೊದಲ ಸ್ತ್ರೀ ಪ್ರಧಾನಿಯಾದರು. ಏಪ್ರಿಲ್ 25ರ ಚುನಾವಣೆಯಲ್ಲಿ ನೂರಕ್ಕೆ 85 ಮಂದಿ ಮತ ಹಾಕಿ ಅವರ ಪಕ್ಷಗಳ ಕೂಟಕ್ಕೆ ಬಹುಮತ ಕೊಟ್ಟರು.

ಸರಕಾರವನ್ನು ಬದಲಿಸಿದೊಡನೆ ಸಾಲ ಕರಗಲಿಲ್ಲ. ನಿಜವಾದ ಪರೀಕ್ಷೆ ಬಂದುದು ಐಸ್‌ಸೇವ್ ಎಂಬ ಠೇವಣಿಯ ವಿಚಾರದಲ್ಲಿ. ಇದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು, ಏಕೆಂದರೆ ಕಾಯಕ ಮತ್ತು ಸತ್ಯಶುದ್ಧವಾದ ವ್ಯವಹಾರವನ್ನು ನಂಬಿದ ಗೃಹಸ್ಥನ ಮನಸ್ಸನ್ನು ನೇರವಾಗಿ ಕಾಡುವ ಪ್ರಶ್ನೆ ಇಲ್ಲಿದೆ.

ಲ್ಯಾಂಡ್ಸ್‌ಬಂಕಿಯು 2006ರಿಂದ ಬ್ರಿಟನ್ನಿನಲ್ಲಿಯೂ 2008ರಲ್ಲಿ ನೆದರ್ಲೆಂಡ್ಸಿನಲ್ಲಿಯೂ ಹೆಚ್ಚಿನ ಬಡ್ಡಿಯ ಆಸೆ ತೋರಿಸಿ ಈ ಹೆಸರಿನಲ್ಲಿ ಠೇವಣಿ ಸಂಗ್ರಹಿಸಿತ್ತು. ಬ್ಯಾಂಕು ಮುರಿದಾಗ ಅಲ್ಲಿಯ ಮೂರು ಲಕ್ಷಕ್ಕೂ ಹೆಚ್ಚು ಠೇವಣಿದಾರರು ದಿಕ್ಕೆಟ್ಟರು. ಬ್ರಿಟನ್ ಸರಕಾರವು ಭಯೋತ್ಪಾದನೆಯ ವಿರುದ್ಧ ಮಾಡಿದ ಕಾನೂನಿನ ಅಧಿಕಾರವನ್ನು ಬಳಸಿ ಆ ಬ್ಯಾಂಕಿನ ಆಸ್ತಿಯನ್ನು ತಡೆಹಿಡಿಯಿತು. ಮೀನುಗಾರರ ದೇಶಕ್ಕೆ ಈ ಅವಮಾನ ಬಹುಕಾಲ ಮರೆಯಲಿಲ್ಲ. ಬಳಿಕ ಆ ಎರಡು ಸರಕಾರಗಳು ತಮ್ಮ ಠೇವಣಿದಾರರಿಗೆ ತಾವೇ ಹಣ ಕೊಟ್ಟು, ಅದನ್ನು ಐಸ್‌ಲೆಂಡಿನ ಸರಕಾರ ತುಂಬಿಕೊಡಬೇಕೆಂದವು. ಮೊತ್ತ ಸುಮಾರು 390 ಕೋಟಿ ಯೂರೋ. ಹಸುಗೂಸಿನಿಂದ ಮುದುಕರವರೆಗೆ ಲೆಕ್ಕ ಹಾಕಿದರೆ ತಲೆಗೆ 12 ಸಾವಿರ ಯೂರೋಗಳಿಗೂ ಹೆಚ್ಚು.

ಹೊಸ ಸರಕಾರವು ಒಪ್ಪಂದಕ್ಕೆ ಬಂದಿತು. ನೂರಕ್ಕೆ ಐದೂವರೆಯಷ್ಟು ಬಡ್ಡಿಯೊಂದಿಗೆ ವರ್ಷಗಟ್ಟಲೆ ತೀರಿಸುವ ಕರಾರನ್ನು 2009ರ ಡಿಸೆಂಬರ್ ಕೊನೆಗೆ ಆಲ್ತಿಂಗ್ 33ಕ್ಕೆ 30 ಮತಗಳಿಂದ ಅಂಗೀಕರಿಸಿತು. ಅಷ್ಟರಲ್ಲಿ ಮತದಾರರಲ್ಲಿ ಸುಮಾರು ನಾಲ್ಕರಲ್ಲೊಂದು ಪಾಲು ಜನ, ಸಹಿ ಹಾಕಬೇಡಿರೆಂದು ರಾಷ್ಟ್ರಾಧ್ಯಕ್ಷ ಓಲಾಫುರ್ ರಾಗ್ನಾರ್ ಗ್ರಿಮ್ಸನ್ನರಿಗೆ ಮನವಿ ಬರೆದಿದ್ದರು. 2010ರ ಜನವರಿ 5ರಂದು ಅವರು ಸಹಿ ನಿರಾಕರಿಸಿದರು. ಅಲ್ಲಿಯ ಸಂವಿಧಾನದಂತೆ, ಅಧ್ಯಕ್ಷರು ಸಹಿ ಮಾಡದ ಶಾಸನ ಜನರ ಮುಂದೆ ಹೋಗಬೇಕು. ಮಾರ್ಚ್ 6ರಂದು ಜನ ಮತ ಹಾಕಿದರು. ನೂರಕ್ಕೆ 90ಕ್ಕೂ ಮಿಕ್ಕಿ ಬೇಡವೆಂದರು. ಸಾಲ ಕೊಟ್ಟವರು ಮತ್ತೆ ಮಾತಿಗೆ ಕುಳಿತರು. ಎರಡನೆಯ ಕರಾರಿನಲ್ಲಿ ಬಡ್ಡಿ ನೂರಕ್ಕೆ ಮೂರರ ಆಸುಪಾಸಿಗೆ ಇಳಿಯಿತು. ಜನರ ಒಂದು ಮಾತಿನ ಬೆಲೆ ಎಷ್ಟೆಂಬುದಕ್ಕೆ ಈ ಇಳಿತವೇ ಲೆಕ್ಕಪತ್ರ. ಈ ಕರಾರನ್ನು ಆಲ್ತಿಂಗ್ ದೊಡ್ಡ ಬಹುಮತದಿಂದಲೇ ಒಪ್ಪಿತು. ಅಧ್ಯಕ್ಷರು ಮತ್ತೆ ಜನರ ಮುಂದಿಟ್ಟರು. 2011ರ ಏಪ್ರಿಲ್ 9ರಂದು, ಈ ಬಾರಿ ನೂರಕ್ಕೆ ಸುಮಾರು 60 ಮಂದಿ, ಮತ್ತೆ ಬೇಡವೆಂದರು.

ಕೊಟ್ಟ ಸಾಲವನ್ನು ಬೇಡವೆನ್ನುವುದು ಧರ್ಮವೇ? ಪರಧನವನ್ನು ಮುಟ್ಟದಿರುವುದನ್ನು ನೇಮವಾಗಿ ಹಿಡಿದ ಶರಣರ ಸಂತತಿಯವರು ಈ ಪ್ರಶ್ನೆಯನ್ನು ಹಾರಿಸಿ ಹೋಗುವಂತಿಲ್ಲ. ಠೇವಣಿಯಿಟ್ಟ ಬ್ರಿಟಿಷ್ ಗೃಹಸ್ಥನೂ ಬೆವರು ಸುರಿಸಿಯೇ ಉಳಿಸಿದ್ದನು. ಐಸ್‌ಲೆಂಡ್ ಸರಕಾರವು ತನ್ನ ನೆಲದ ಠೇವಣಿಗಳಿಗೆಲ್ಲ ಭರವಸೆ ಕೊಟ್ಟು, ಅದೇ ಬ್ಯಾಂಕಿನ ಹೊರದೇಶದ ಠೇವಣಿಗೆ ಅದೇ ಭರವಸೆಯನ್ನು ಕೊಡಲಿಲ್ಲವೆಂಬುದೂ ನಿಜ. ಇವನಾರವನೆಂದು ಭೇದವೆಣಿಸದ ದೃಷ್ಟಿಯು ಇದನ್ನು ಸುಲಭವಾಗಿ ಒಪ್ಪಲಾರದು. ಆದರೆ ಮತ್ತೊಂದು ಪಕ್ಷವೂ ಉಂಟು. ಸಾಲವನ್ನು ಎತ್ತಿದವರು ಖಾಸಗಿ ಬ್ಯಾಂಕಿನ ಒಡೆಯರು; ಲಾಭ ಬಂದಾಗ ಅದು ಅವರದೆನಿಸಿತ್ತು. ನಷ್ಟ ಬಂದಾಗ ಮಾತ್ರ ಅದು ಮೀನುಗಾರನ ಮಗುವಿನದೆನ್ನುವುದು ಯಾವ ನ್ಯಾಯ? ಕಾಯಕತತ್ತ್ವದಲ್ಲಿ ಫಲವನ್ನೂ ಹೊಣೆಯನ್ನೂ ಬೇರ್ಪಡಿಸುವಂತಿಲ್ಲ. ತಾನು ಮಾಡದ ಕೆಲಸದ ಫಲವನ್ನು ಉಣ್ಣಬಾರದೆಂಬುದು ಎಷ್ಟು ಸತ್ಯವೋ, ತಾನು ಉಣ್ಣದ ಫಲದ ಋಣವನ್ನು ಬಲಾತ್ಕಾರದಿಂದ ಹೊರಿಸಬಾರದೆಂಬುದೂ ಅಷ್ಟೇ ಸತ್ಯ.

ಜನರು ಬೇಡವೆಂದುದು ಠೇವಣಿದಾರನಿಗೆ ಹಣ ಸಲ್ಲಬಾರದೆಂದಲ್ಲ ಎಂಬುದನ್ನೂ ಗಮನಿಸಬೇಕು. 2008ರ ಅಕ್ಟೋಬರಿನ ತುರ್ತು ಶಾಸನವು ಮುರಿದ ಬ್ಯಾಂಕಿನ ಆಸ್ತಿಯ ಮೇಲೆ ಠೇವಣಿದಾರರ ಹಕ್ಕೇ ಮೊದಲೆಂದು ಗೊತ್ತುಪಡಿಸಿತ್ತು. ಆ ಆಸ್ತಿಯನ್ನು ಮಾರಿ ಬಂದ ಹಣದಿಂದ ಈ ಬಾಕಿಯನ್ನು ಕಂತುಕಂತಾಗಿ ಸಲ್ಲಿಸಲಾಯಿತು; 2016ರ ಜನವರಿಯಲ್ಲಿ ಮೊದಲ ಹಕ್ಕಿನ ಬಾಕಿಯೆಲ್ಲ ತೀರಿತು. ಅದಕ್ಕೆ ಮುಂಚೆ, 2013ರ ಜನವರಿ 28ರಂದು, ಇ.ಎಫ್.ಟಿ.ಎ. ನ್ಯಾಯಾಲಯವು ಐಸ್‌ಲೆಂಡ್ ಸರಕಾರವು ಯೂರೋಪಿನ ನಿಯಮವನ್ನು ಉಲ್ಲಂಘಿಸಿಲ್ಲವೆಂದು ತೀರ್ಪು ಕೊಟ್ಟಿತ್ತು. ಸಾಲ ಮಾಡಿದವರ ಆಸ್ತಿಯಿಂದಲೇ ಸಾಲ ತೀರಿತು, ಮಾಡದವರ ತೆರಿಗೆಯಿಂದಲ್ಲ. ಮತ ಹಾಕುವ ದಿನ ಜನರಿಗೆ ಇದು ಹೀಗೆಯೇ ಮುಗಿಯುವುದೆಂದು ಗೊತ್ತಿರಲಿಲ್ಲ. ಬೇಡವೆಂದರೆ ಲೋಕದಿಂದ ಬಹಿಷ್ಕೃತರಾಗಬಹುದೆಂಬ ಬೆದರಿಕೆಯ ನಡುವೆ ಅವರು ಆ ತೀರ್ಮಾನವನ್ನು ಮಾಡಿದ್ದರು. ಫಲಿತಾಂಶ ಬೇರೆಯಾಗಿದ್ದರೆ ಅದರ ಭಾರವನ್ನೂ ಅವರೇ ಹೊರಬೇಕಾಗುತ್ತಿತ್ತು.

ಇನ್ನು ಲೆಕ್ಕ ಓದಿದ ಪ್ರಸಂಗ. ಆಲ್ತಿಂಗ್ 2008ರ ಡಿಸೆಂಬರಿನಲ್ಲಿ ಮೂವರ ವಿಶೇಷ ವಿಚಾರಣಾ ಸಮಿತಿಯನ್ನು ನೇಮಿಸಿತು. 2010ರ ಏಪ್ರಿಲ್ 12ರಂದು ಅದರ ವರದಿ ಪ್ರಕಟವಾಯಿತು. ಎರಡು ಸಾವಿರಕ್ಕೂ ಹೆಚ್ಚು ಪುಟಗಳು. ಸಾಮಾನ್ಯವಾಗಿ ಇಂತಹ ವರದಿಗಳು ಬೀರುವಿನಲ್ಲಿ ಧೂಳು ತಿನ್ನುತ್ತವೆ. ಆದರೆ ರೇಕ್ಯಾವಿಕ್ ನಗರದ ನಾಟಕಶಾಲೆಯ ನಟನಟಿಯರು ಆ ವರದಿಯನ್ನು ಮೊದಲಿನಿಂದ ಕೊನೆಯವರೆಗೆ, ಹಲವು ಹಗಲು ಹಲವು ರಾತ್ರಿ, ಒಬ್ಬರ ನಂತರ ಒಬ್ಬರು ರಂಗದ ಮೇಲೆ ಕುಳಿತು ಗಟ್ಟಿಯಾಗಿ ಓದಿದರು. ಯಾರು ಯಾರಿಗೆ ಎಷ್ಟು ಸಾಲ ಕೊಟ್ಟರು, ಯಾವ ಅಧಿಕಾರಿ ಯಾವ ದಿನ ಎಚ್ಚರಿಕೆಯನ್ನು ಕಂಡೂ ಸುಮ್ಮನಿದ್ದನು ಎಂಬ ನೀರಸವಾದ ಅಂಕಿಸಂಖ್ಯೆಗಳನ್ನು ಜನ ಬಂದು ಕುಳಿತು ಕೇಳಿದರು. ನಮ್ಮ ಊರುಗಳಲ್ಲಿ ಶ್ರಾವಣಮಾಸದ ಪುರಾಣಪ್ರವಚನಕ್ಕೆ ಜನ ಕೂಡುವಂತೆ, ಅಲ್ಲಿ ಲೆಕ್ಕದ ಪುರಾಣಕ್ಕೆ ಕೂಡಿದರು. 1905ರಲ್ಲಿ ಗದಗ ಸಮೀಪದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘವನ್ನು ಕಟ್ಟಿದಂದಿನಿಂದ ಸದಸ್ಯರ ಮುಂದೆ ಲೆಕ್ಕ ಓದುವ ಪದ್ಧತಿ ನಮ್ಮ ಹಳ್ಳಿಗಳಿಗೂ ಹೊಸದಲ್ಲ. ಆದರೆ ವಾರ್ಷಿಕ ಸಭೆಯಲ್ಲಿ ಜಮಾಖರ್ಚಿನ ಪತ್ರಿಕೆಯನ್ನು ಓದುವಾಗ ಚಹಾ ಬಂದಿತೇ ಎಂದು ಬಾಗಿಲ ಕಡೆ ನೋಡುವ ಸದಸ್ಯರು ಎಷ್ಟು ಮಂದಿ ಎಂಬುದನ್ನು ಸಭೆಗೆ ಹೋದವರು ಬಲ್ಲರು.

ವರದಿಯು ಕೇವಲ ಶ್ರವಣಕ್ಕೆ ನಿಲ್ಲಲಿಲ್ಲ. ಬ್ಯಾಂಕುಗಳ ಅಪರಾಧಗಳನ್ನು ಹುಡುಕಲು ವಿಶೇಷ ಅಭಿಯೋಜಕರ ಹುದ್ದೆಯನ್ನು ಸೃಷ್ಟಿಸಲಾಗಿತ್ತು. ಮೊದಲು ಅರ್ಜಿ ಕರೆದಾಗ ಒಬ್ಬರೂ ಮುಂದೆ ಬರಲಿಲ್ಲ. ಸಣ್ಣ ದೇಶ, ಎಲ್ಲರೂ ಎಲ್ಲರಿಗೂ ಪರಿಚಿತರು, ಯಾರಿಗೆ ಬೇಕು ಈ ವೈರ? ಕೊನೆಗೆ ಚಿಕ್ಕ ಊರೊಂದರ ಪೋಲೀಸ್ ಮುಖ್ಯಸ್ಥರು ಆ ಕೆಲಸವನ್ನು ಒಪ್ಪಿಕೊಂಡರು. ವರ್ಷಗಳು ಹಿಡಿದರೂ ದೊಡ್ಡ ಬ್ಯಾಂಕುಗಳ ಮುಖ್ಯಸ್ಥರೇ ಸೆರೆಮನೆ ಕಂಡರು. ಇತರ ಬಹಳಷ್ಟು ದೇಶಗಳಲ್ಲಿ ಇದು ನಡೆಯಲಿಲ್ಲ. ಮಾಜಿ ಪ್ರಧಾನಿ ಹಾರ್ಡೆಯವರ ಮೇಲೂ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆದು 2012ರ ಏಪ್ರಿಲಿನಲ್ಲಿ ತೀರ್ಪು ಬಂದಿತು. ಹೆಚ್ಚಿನ ಆರೋಪಗಳಿಂದ ಅವರು ಬಿಡುಗಡೆಯಾದರು, ಶಿಕ್ಷೆಯನ್ನೂ ವಿಧಿಸಲಿಲ್ಲ. ಆದರೆ ಒಂದು ದೋಷ ನಿಂತಿತು. ಅದು ಇಷ್ಟೆ: ಇಂತಹ ಗಂಡಾಂತರದ ವಿಷಯವನ್ನು ಚರ್ಚಿಸಲು ಅವರು ಮಂತ್ರಿಮಂಡಲದ ಸಭೆಯನ್ನು ಕರೆಯಲಿಲ್ಲ. ಹಣ ತಿಂದರೆಂದಲ್ಲ, ಸುಳ್ಳು ಹೇಳಿದರೆಂದಲ್ಲ, ಗೋಷ್ಠಿಯನ್ನು ಕೂಡಿಸಲಿಲ್ಲವೆಂದು! ತಿಳಿದವರು ಒಟ್ಟಿಗೆ ಕುಳಿತು ವಿಚಾರಿಸದಿರುವುದೇ ಆಳುವವನ ಅಪರಾಧವೆಂದು ಒಂದು ನ್ಯಾಯಾಲಯವು ಬರೆದಿಟ್ಟಿತು. ಪ್ರಭುದೇವರು ಶೂನ್ಯಸಿಂಹಾಸನದ ಮೇಲಿದ್ದೂ ಏಕೆ ಪ್ರತಿಯೊಬ್ಬ ಶರಣನ ಮಾತನ್ನೂ ಹೊರಗೆಡವಿ ಕೇಳುತ್ತಿದ್ದರು ಎಂಬುದನ್ನು ಅರಿತವರಿಗೆ ಈ ತೀರ್ಪು ವಿಚಿತ್ರವೆನಿಸದು.

ಗೃಹಸ್ಥರ ಸಾಲದ ಕಡೆಗೂ ಜನರ ಒತ್ತಡ ಕೆಲಸ ಮಾಡಿತು. 2010ರ ಜೂನಿನಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಪರದೇಶದ ನಾಣ್ಯದ ಬೆಲೆಗೆ ಕಟ್ಟಿದ ಸಾಲಗಳು ಕಾನೂನುಬಾಹಿರವೆಂದು ಸಾರಿತು. ಅದೇ ವರ್ಷದ ಶರತ್ಕಾಲದಲ್ಲಿ ಜನ ಮತ್ತೆ ಆಲ್ತಿಂಗ್ ಎದುರು ಸೇರಿದ ಮೇಲೆ, ಮನೆಯ ಬೆಲೆಯ ನೂರಕ್ಕೆ 110ನ್ನು ಮೀರಿದ ಸಾಲವನ್ನು ಬಿಟ್ಟುಕೊಡಲು ಸರಕಾರವೂ ಬ್ಯಾಂಕುಗಳೂ ಒಪ್ಪಿದವು. ಆದಾಯ ತೆರಿಗೆಯನ್ನು ಮೂರು ಹಂತಗಳಾಗಿ ಮಾಡಿ ಹೆಚ್ಚು ಗಳಿಸುವವರ ಮೇಲೆ ಹೆಚ್ಚು ಭಾರ ಹಾಕಲಾಯಿತು. ಉಳ್ಳವನು ಹೆಚ್ಚು ಕೊಡಬೇಕೆಂಬ ದಾಸೋಹದ ಮಾತು ತೆರಿಗೆಯ ಭಾಷೆಯಲ್ಲಿ ಬಂದಂತಾಯಿತು. ಆದರೆ ದಾಸೋಹವು ಮನಸ್ಸಿನಿಂದ ಬರುವುದು, ತೆರಿಗೆಯು ಕಾಗದದಿಂದ.

ಹಾಗಾದರೆ ಐಸ್‌ಲೆಂಡನ್ನು ಎತ್ತಿ ನಿಲ್ಲಿಸಿದುದು ಪ್ರಜೆಗಳ ಕೂಗೇ? ಹಾಗೆಂದರೆ ಅತಿಶಯೋಕ್ತಿಯಾದೀತು. ಕ್ರೋನಾದ ಬೆಲೆ ಇಳಿದುದರಿಂದ ಅಲ್ಲಿಯ ಮೀನು ಪರದೇಶದಲ್ಲಿ ಲಾಭಕ್ಕೆ ಮಾರಿತು. 2010ರಲ್ಲಿ ಸುಮಾರು 5 ಲಕ್ಷವಿದ್ದ ಪ್ರವಾಸಿಗರ ಸಂಖ್ಯೆ 2016ರಲ್ಲಿ 17 ಲಕ್ಷವನ್ನು ಮೀರಿತು. ಹಣಕಾಸು ನಿಧಿಯ ಸಾಲವಿತ್ತು. ಹಣದ ಹೊರಹರಿವಿಗೆ ಹಾಕಿದ ಕಟ್ಟು 2017ರವರೆಗೂ ಇತ್ತು. 2009ರಲ್ಲಿ ಸುಮಾರು ನೂರಕ್ಕೆ ಏಳರಷ್ಟು ಕುಗ್ಗಿದ್ದ ಉತ್ಪನ್ನವು 2011ರ ಹೊತ್ತಿಗೆ ಮತ್ತೆ ಬೆಳೆಯತೊಡಗಿತು. 2015ರಲ್ಲಿ ನಿಧಿಯ ಸಾಲವನ್ನು ಅವಧಿಗೆ ಮುಂಚೆಯೇ ತೀರಿಸಲಾಯಿತು. ಮತಪತ್ರವು ಮೀನು ಹಿಡಿಯಲಾರದು, ಹೊಲ ಉಳಲಾರದು. ದುಡಿಮೆಯಿಂದಲೇ ಸಂಪತ್ತು; ಕಾಯಕಕ್ಕೆ ಬದಲಿಲ್ಲ. ಮತಪತ್ರವು ಮಾಡಿದ ಕೆಲಸ ಬೇರೆ: ಭಾರವನ್ನು ಯಾರ ಹೆಗಲಿಗೆ ಎಷ್ಟು ಹೊರಿಸಬೇಕೆಂಬುದನ್ನು ಅದು ತೀರ್ಮಾನಿಸಿತು, ತಪ್ಪು ಮಾಡಿದವರನ್ನು ಉತ್ತರ ಕೊಡುವ ಸ್ಥಾನಕ್ಕೆ ತಂದಿತು. ತನ್ನ ಪಾಲಿಗೆ ಬಂದ ಕಷ್ಟ ನ್ಯಾಯವಾದುದೆಂದು ಅನಿಸಿದಾಗ ಮನುಷ್ಯ ಅದನ್ನು ಹೊತ್ತು ದುಡಿಯುತ್ತಾನೆ. ಅನ್ಯಾಯವೆಂದು ಅನಿಸಿದಾಗ ಕೈಕಟ್ಟಿ ಕೂರುತ್ತಾನೆ, ಇಲ್ಲವೇ ಊರು ಬಿಡುತ್ತಾನೆ.

ಜನಮತವೊಂದೇ ಸಾಲದೆಂಬುದಕ್ಕೆ ಗ್ರೀಸ್ ದೇಶದ ಕಥೆ ಸಾಕ್ಷಿ. 2015ರ ಜುಲೈ 5ರಂದು ಅಲ್ಲಿಯ ಜನರಲ್ಲಿ ನೂರಕ್ಕೆ 61 ಮಂದಿ ಸಾಲ ಕೊಟ್ಟವರ ಷರತ್ತುಗಳು ಬೇಡವೆಂದರು. ಆದರೆ ಆಗ ಬ್ಯಾಂಕುಗಳು ಮುಚ್ಚಿದ್ದವು. ನಾಣ್ಯ ಯೂರೋ, ಅದನ್ನು ಅಚ್ಚು ಹಾಕುವ ಕೈ ಬೇರೆಯವರದು. ಎರಡು ವಾರ ಕಳೆಯುವ ಮೊದಲೇ ಸರಕಾರ ಅಂತಹುದೇ ಷರತ್ತುಗಳಿಗೆ ಒಪ್ಪಿತು. ಪ್ರಶ್ನೆ ಕೇಳಿದ ಮೇಲೆ ಅದರಂತೆ ನಡೆಯುವ ಶಕ್ತಿಯೂ ಮನೆಯಲ್ಲಿರಬೇಕು. ಲಕ್ಕಮ್ಮನವರು ಅಕ್ಕಿಯನ್ನು ಹಿಂದಕ್ಕೆ ಸುರಿಸಬಲ್ಲವರಾದುದು, ಎಂದಿನ ಅಳತೆಯ ಅಕ್ಕಿಯಲ್ಲಿಯೇ ದಾಸೋಹ ನಡೆಸಬಲ್ಲೆನೆಂಬ ಧೈರ್ಯ ಅವರಿಗೆ ಇದ್ದುದರಿಂದ.

ಐಸ್‌ಲೆಂಡಿನ ಜನರ ಪ್ರಯತ್ನವೆಲ್ಲ ಕೈಗೂಡಿತೆಂದೂ ತಿಳಿಯಬಾರದು. ಹೊಸ ಸಂವಿಧಾನವನ್ನು ತಾವೇ ಬರೆಯಬೇಕೆಂದು ಅವರು ಹೊರಟರು. 2010ರ ನವೆಂಬರಿನಲ್ಲಿ ಚೀಟಿಯೆತ್ತಿದಂತೆ ಆಯ್ದ ಸುಮಾರು 950 ಮಂದಿ ಒಂದು ದಿನ ಕುಳಿತು, ಸಂವಿಧಾನದಲ್ಲಿ ಯಾವ ಮೌಲ್ಯಗಳಿರಬೇಕೆಂದು ಚರ್ಚಿಸಿದರು. ಅದೇ ತಿಂಗಳು 522 ಅಭ್ಯರ್ಥಿಗಳಲ್ಲಿ 25 ಮಂದಿಯನ್ನು ಆರಿಸಿದರು; ಆದರೆ ಮತ ಹಾಕಿದವರು ಮೂರರಲ್ಲೊಂದು ಪಾಲಿಗಿಂತ ಸ್ವಲ್ಪವೇ ಹೆಚ್ಚು. ಸರ್ವೋಚ್ಚ ನ್ಯಾಯಾಲಯವು ಚುನಾವಣೆಯ ಕ್ರಮದಲ್ಲಿ ದೋಷ ಹಿಡಿದು ಅದನ್ನು ರದ್ದುಗೊಳಿಸಿತು. ಆಲ್ತಿಂಗ್ ಅವರನ್ನೇ ಸಮಿತಿಯಾಗಿ ನೇಮಿಸಿತು. ಅವರು ವಾರ ವಾರವೂ ಕರಡನ್ನು ಅಂತರ್ಜಾಲದಲ್ಲಿ ಪ್ರಕಟಿಸಿ, ಜನರ ಸಲಹೆಗಳನ್ನು ಸೇರಿಸಿಕೊಂಡು, 2011ರ ಜುಲೈ 29ರಂದು ಒಪ್ಪಿಸಿದರು. 2012ರ ಅಕ್ಟೋಬರ್ 20ರ ಜನಮತದಲ್ಲಿ ಮೂರರಲ್ಲಿ ಎರಡು ಪಾಲು ಜನ ಆ ಕರಡೇ ಸಂವಿಧಾನಕ್ಕೆ ಆಧಾರವಾಗಲೆಂದರು. ಸಮುದ್ರದ ಮೀನೇ ಮೊದಲಾದ ಒಡೆಯರಿಲ್ಲದ ಸಂಪತ್ತು ಇಡೀ ರಾಷ್ಟ್ರದ್ದೆಂಬ ಅಂಶಕ್ಕೆ ನೂರಕ್ಕೆ 80ಕ್ಕೂ ಹೆಚ್ಚು ಒಪ್ಪಿಗೆ ಬಂದಿತು. ಆದರೆ ಆಲ್ತಿಂಗ್ ಅದನ್ನು ಅಂಗೀಕರಿಸದೆ ಬಿಟ್ಟಿತು, ಇಂದಿಗೂ ಅದು ಸಂವಿಧಾನವಾಗಿಲ್ಲ. 2013ರ ಏಪ್ರಿಲ್ ಚುನಾವಣೆಯಲ್ಲಿ ಜನರು, ಕುಸಿತಕ್ಕೆ ಮುಂಚೆ ಬಹುಕಾಲ ಆಳಿದ್ದ ಎರಡು ಪಕ್ಷಗಳನ್ನೇ ಮತ್ತೆ ಗದ್ದುಗೆಗೆ ತಂದರು. ಕಷ್ಟಕಾಲದ ಔಷಧಿ ಕಹಿಯಾಗಿದ್ದುದಕ್ಕೆ ವೈದ್ಯನನ್ನೇ ಬದಲಿಸಿದಂತಾಯಿತು. ಬಿದ್ದಾಗ ಎಚ್ಚರವಾಗಿರುವುದಕ್ಕಿಂತ ಎದ್ದ ಮೇಲೆ ಎಚ್ಚರವಾಗಿರುವುದು ಕಷ್ಟ. ವ್ರತವನ್ನು ಹಿಡಿದ ಯಾವ ಗೃಹಸ್ಥನೂ ಇದನ್ನು ಬಲ್ಲನು.

ಆದರೂ ಅಭ್ಯಾಸ ಪೂರ್ತಿಯಾಗಿ ಬಿಟ್ಟುಹೋಗಲಿಲ್ಲ. 2016ರ ಏಪ್ರಿಲಿನಲ್ಲಿ, ಹೊರದೇಶದಲ್ಲಿ ಗುಟ್ಟಾಗಿ ಹಣವಿಟ್ಟವರ ಕಾಗದಪತ್ರಗಳು ಬಯಲಾದಾಗ, ಮುರಿದ ಬ್ಯಾಂಕುಗಳಿಂದ ಬಾಕಿ ಬರಬೇಕಾಗಿದ್ದ ಒಂದು ಕಂಪನಿಯ ಸಂಬಂಧವು ಪ್ರಧಾನಿಯ ಮನೆಗೇ ಮುಟ್ಟುವುದೆಂದು ತಿಳಿದುಬಂದಿತು. ಏಪ್ರಿಲ್ 4ರಂದು ಸಾವಿರಾರು ಜನ ಅದೇ ಮೈದಾನಕ್ಕೆ ಅವೇ ಪಾತ್ರೆಗಳನ್ನು ಹಿಡಿದು ಬಂದರು. ಏಪ್ರಿಲ್ 7ರಂದು ಬೇರೊಬ್ಬರು ಪ್ರಧಾನಿಯಾಗಿ ಅಧಿಕಾರವನ್ನು ವಹಿಸಿಕೊಂಡರು.